ಮೂರನೇ ಆವೃತ್ತಿಯ ದಳವಾಯಿ

ಫೆಬ್ರವರಿ 4

ಅಪ್ಪನಿಗೆ,

ತಂದೆಗೆ ಬರೆಯುವ ಪತ್ರದ ನೆತ್ತಿಯಲ್ಲಿ ಏನೇನು ಗೌರವದ ಮಾತು ಇರಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಎಲ್ಲವೂ ನೆನಪಿದೆ. ಬರೆಯಲು ಕೈ ಏಳಲಿಲ್ಲ. ಹನ್ನೊಂದು ವರ್ಷದಿಂದ ನಿಮಗೆ ಒಂದು ಸಾಲೂ ಬರೆದವಳಲ್ಲ ನಾನು. ಈಗ ಬರೆಯುತ್ತಿರುವುದೂ ಕೆಲಸದ ಮೇಲೆ.

ನೀವೂ ಚಿಕ್ಕಪ್ಪನೂ ಸೇರಿ ಮಾಡಿದ ಆಟ ಇನ್ನೂ ಬದುಕಿದೆ. ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ 'ಏಳು ಸೇತುವೆಗಳ ನಾಡಿ'ನಲ್ಲಿ ಇವತ್ತಿಗೂ ಯುದ್ಧ ಮಾಡುತ್ತಿದ್ದಾರೆ. ಪ್ರಕಾಶಕರು ಈಗ ಆಟದ ಪುಸ್ತಕದ ಮೂರನೇ ಆವೃತ್ತಿ ತರುತ್ತಿದ್ದಾರೆ. ಆ ನಾಡಿನ ಇತಿಹಾಸವನ್ನು ತಿದ್ದಿ ಬರೆಯುವ ಕೆಲಸ ನನಗೆ ಸಿಕ್ಕಿದೆ. ನಾನು ಯಾರ ಮಗಳೆಂದು ಅವರಿಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ.

ತೊಡಕಿರುವುದು ಮೂರನೇ ಸೇತುವೆಯಲ್ಲಿ. ಮೊದಲ ಆವೃತ್ತಿಯಲ್ಲಿ ನೀವು ಬರೆದದ್ದು ಹೀಗಿದೆ: ಶತ್ರುಗಳ ದಂಡು ಹೊಳೆಯ ಆಚೆ ನಿಂತಿದೆ. ದಳವಾಯಿ ಸೇತುವೆಯ ಮೇಲೆ ತನ್ನ ತಮ್ಮನ ಕುದುರೆಯನ್ನು ತಡೆಯುತ್ತಾನೆ. ಜೀನಿನ ಕೆಳಗೆ ಶತ್ರುವಿನ ಬಾವುಟ ಸಿಗುತ್ತದೆ. ದಳವಾಯಿ ಒಂದು ಮಾತೂ ಕೇಳದೆ ತಮ್ಮನನ್ನು ಕಡಿದು ಹೊಳೆಗೆ ತಳ್ಳುತ್ತಾನೆ. ದ್ರೋಹಿ ಸತ್ತ, ಊರು ಉಳಿಯಿತು. ಸರ್ಕಾರಿ ವಕೀಲರು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದ ಪುಟವೂ ಅದೇ.

ನೀವು ಚಿಕ್ಕಪ್ಪನನ್ನು ಕೊಂದು ಒಳಗೆ ಹೋದ ಮೇಲೆ ಎರಡನೇ ಆವೃತ್ತಿ ಪ್ರಕಾಶಕರ ಕೈಗೆ ಬಂತು. ಅಣ್ಣ ತಮ್ಮನನ್ನು ಕಡಿಯುವ ಪುಟ ಅವರಿಗೆ ಬೇಡವಾಗಿತ್ತು. 'ದಳವಾಯಿಯ ತಮ್ಮ ಬಿಡಾರದಲ್ಲಿ ಜ್ವರದಿಂದ ಸತ್ತ' ಎಂದು ಒಂದು ಸಾಲು ಬರೆಸಿ ಕೈತೊಳೆದುಕೊಂಡರು. ಈಗ ಆಡುವವರಲ್ಲಿ ಎರಡು ಪಂಗಡ. ಒಂದು ಮೇಜಿನಲ್ಲಿ ಕತ್ತಿ, ಇನ್ನೊಂದರಲ್ಲಿ ಜ್ವರ. ಎರಡು ಮೇಜಿನವರು ಒಂದೆಡೆ ಸೇರಿದರೆ ಜಗಳ ಗ್ಯಾರಂಟಿ.

ಆ ಅಧ್ಯಾಯ ನಿಮ್ಮ ಬರಹ. ಅಂದು ಅದನ್ನು ತೆಗೆದುಹಾಕುವಾಗ ಅವರು ನಿಮ್ಮನ್ನು ಕೇಳಲಿಲ್ಲ, ಆದರೆ ತಿದ್ದಿ ಮತ್ತೆ ಹಾಕಲು ನಿಮ್ಮ ಸಹಿ ಬೇಕು. ಒಪ್ಪಿಗೆಯ ಕಾಗದ ಜೊತೆಗಿದೆ. ನಾನು ಈಗಲೂ ಚಿಕ್ಕಮ್ಮನ ಮನೆಯಲ್ಲೇ ಇದ್ದೇನೆ. ಅವರು ನಿಮ್ಮ ವಿಷಯ ಎತ್ತುವುದಿಲ್ಲ.

ನಿಮ್ಮ ಮಗಳು

ಫೆಬ್ರವರಿ 19

ಮಗಳೇ,

ಇಲ್ಲಿ ನಮ್ಮ ಪತ್ರಗಳನ್ನು ನಮಗಿಂತ ಮೊದಲು ಜೈಲರ್ ಸಾಹೇಬರು ಓದುತ್ತಾರೆ. ಹಾಗಾಗಿ ಮೊದಲ ನಮಸ್ಕಾರ ಅವರಿಗೆ. ಉಳಿದದ್ದು ನಿನಗೆ.

ನನ್ನನ್ನು 'ನೀವು' ಎಂದಿದ್ದೀಯ. ಹದಿಮೂರು ವರ್ಷದವಳಿದ್ದಾಗ 'ಸುಮ್ನಿರಪ್ಪ ನೀನು' ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಇರಲಿ, ದೊಡ್ಡವಳಾಗಿದ್ದೀಯ.

ಜ್ವರವಂತೆ ಜ್ವರ! ಯಾವ ಪುಣ್ಯಾತ್ಮ ಬರೆದದ್ದು ಅದನ್ನು? ಯುದ್ಧದ ನಡುವೆ ಕಷಾಯ ಕುಡಿದು ಕಂಬಳಿ ಹೊದ್ದು ಸಾಯುವುದಕ್ಕೆ ಅವನೇನು ದಳವಾಯಿಯ ತಮ್ಮನೋ, ಅಂಗಡಿ ಗುಮಾಸ್ತನೋ?

ನಾವು ಇಲ್ಲಿ ಮೊದಲ ಆವೃತ್ತಿಯನ್ನೇ ಆಡುತ್ತೇವೆ. ಪುಸ್ತಕವಿಲ್ಲ, ಎಲ್ಲ ನನ್ನ ತಲೆಯಲ್ಲಿದೆ. ದಾಳ ಇಟ್ಟುಕೊಂಡರೆ ಜೂಜು ಎಂದು ಕಿತ್ತುಕೊಳ್ಳುತ್ತಾರೆ. ಅದಕ್ಕೆ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು, ತಗಡಿನ ಲೋಟದಲ್ಲಿ ಕುಲುಕಿ ಎತ್ತುತ್ತೇವೆ, ಅಂಕಿ ದೊಡ್ಡದಾದಷ್ಟೂ ಏಟು ಜೋರು. ಆಡುವವರು ಐದು ಜನ. ತೋಳ ಎಂದು ಒಬ್ಬನಿದ್ದಾನೆ, ಹೆಂಡತಿಯ ಅಣ್ಣನನ್ನು ಜಾಕ್ ರಾಡಿನಲ್ಲಿ ಹೊಡೆದು ಕೊಂದು ಬಂದ ಲಾರಿ ಡ್ರೈವರ್. ನಾಲ್ಕು ವರ್ಷದಿಂದ ದಳವಾಯಿಯ ಮೊಮ್ಮಗನ ಪಾತ್ರ ಅವನದೇ. ಮೇಷ್ಟ್ರು ಎಂದು ಇನ್ನೊಬ್ಬರು, ಯಾಕೆ ಬಂದರೆಂದು ಬಾಯಿ ಬಿಡುವುದಿಲ್ಲ. ಹೋದ ವಾರ ಎರಡನೇ ಸೇತುವೆಯಲ್ಲಿ ತೋಳನಿಗೆ ಹತ್ತೊಂಬತ್ತರ ಚೀಟಿ ಬಂತು. ಶತ್ರುವಿನ ದವಡೆ ಕಿತ್ತು ಕೈಗೆ ಬಂದಿತೆಂದು ನಾನು ಹೇಳಿದೆ, ಬ್ಯಾರಕ್ಕಿಗೆ ಬ್ಯಾರಕ್ಕೇ ಎದ್ದು ಕುಣಿಯಿತು. ವಾರ್ಡರ್ ಕೂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಸಹಿ ಹಾಕುತ್ತೇನೆ, ಒಂದೇ ಷರತ್ತು. ಸೇತುವೆ ಮೊದಲಿನಂತೆಯೇ ಇರಬೇಕು. ದಳವಾಯಿ ಕೇಳಲಿಲ್ಲ, ಕಡಿದ. ಕೇಳುತ್ತ ಕೂತಿದ್ದರೆ ಊರು ಉಳಿಯುತ್ತಿರಲಿಲ್ಲ. ನಿನ್ನ ಚಿಕ್ಕಪ್ಪ ಮಾಡಿದ್ದೂ ದ್ರೋಹವೇ, ಕೋರ್ಟಿನಲ್ಲಿ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ನಾನು ಮೂರು ದಿನ ಊರಲ್ಲಿರಲಿಲ್ಲ. ಅಷ್ಟರಲ್ಲಿ ಎರಡನೇ ಆವೃತ್ತಿಯ ಹೊದಿಕೆಯನ್ನು ನಮ್ಮದೇ ಪ್ರೆಸ್ಸಿನಲ್ಲಿ, ನನ್ನದೇ ಮಷಿನ್ನಿನಲ್ಲಿ ಅಚ್ಚು ಹಾಕಿದ. ಮೇಲಿದ್ದದ್ದು ಅವನೊಬ್ಬನ ಹೆಸರು. ನಾನು ಬರೆದ ನಾಡು, ನಾನು ಕಟ್ಟಿದ ಸೇತುವೆ, ಹೆಸರು ಮಾತ್ರ ನಕ್ಷೆ ಬರೆದವನದು. ಹೇಳು, ನಿನಗೆ ಹೇಗನ್ನಿಸುತ್ತಿತ್ತು?

ಆಶೀರ್ವಾದಗಳೊಂದಿಗೆ, ಬೇಕಿದ್ದರೆ ತೆಗೆದುಕೋ,
ಅಪ್ಪ

ಮಾರ್ಚ್ 11

ಅಪ್ಪನಿಗೆ,

ನನಗೆ ಹೇಗನ್ನಿಸುತ್ತಿತ್ತು ಎಂದು ಕೇಳಿದ್ದೀರಿ. ಅವತ್ತು ಏನನ್ನಿಸಿತು ಎನ್ನುವುದನ್ನು ಹೇಳುತ್ತೇನೆ.

ಶಾಲೆ ಬಿಟ್ಟು ಎಂದಿನಂತೆ ಪ್ರೆಸ್ಸಿಗೆ ಬಂದೆ. ಮೂರೂವರೆ ಗಂಟೆ. ಶಟರ್ ಅರ್ಧ ಇಳಿದಿತ್ತು, ಬಗ್ಗಿ ಒಳಗೆ ಬಂದೆ. ಮಷಿನ್ ಖಾಲಿ ಓಡುತ್ತಿತ್ತು, ಕಾಗದ ಕೊಡುವವರು ಯಾರೂ ಇರಲಿಲ್ಲ. ತಂತಿಯ ಮೇಲೆ ಹೊದಿಕೆಯ ಹಾಳೆಗಳು ಒಣಗುತ್ತಿದ್ದವು, ನನ್ನ ಎತ್ತರಕ್ಕೆ ಅವುಗಳ ಮೇಲೆಲ್ಲ ರಕ್ತ ಚಿಮ್ಮಿತ್ತು. ಕಾಗದದ ರಿಮ್ಮುಗಳ ಸಂದಿಯಲ್ಲಿ ಚಿಕ್ಕಪ್ಪನ ಕಾಲು ಕಂಡಿತು, ಒಂದರಲ್ಲಿ ಮಾತ್ರ ಚಪ್ಪಲಿ ಇತ್ತು. ತಲೆ ಇರಬೇಕಾದಲ್ಲಿ ಇದ್ದದ್ದನ್ನು ಬರೆಯುವುದಿಲ್ಲ. ನೀವು ಬಚ್ಚಲ ಹತ್ತಿರ ಕೂತು, ಶಾಯಿ ಹೋಗಿಸುವ ಹಾಗೆ ಸೀಮೆಎಣ್ಣೆ ಹಾಕಿ ಕೈ ಉಜ್ಜುತ್ತಿದ್ದಿರಿ. ನನ್ನನ್ನು ನೋಡಿ "ಮನೆಗೆ ಹೋಗು, ಹೋಮ್‌ವರ್ಕ್ ಮಾಡ್ಕೋ" ಅಂದಿರಿ.

ಹೋದೆ. ಮಾಡಿದೆ ಕೂಡ. ಏಳು ಲೆಕ್ಕಗಳಿದ್ದವು, ಒಂದೂ ತಪ್ಪಲಿಲ್ಲ. ಚಿಕ್ಕಮ್ಮ ಅಡಿಗೆಮನೆಯಿಂದ "ಇವತ್ತು ಯಾಕೋ ಇಬ್ರೂ ಇನ್ನೂ ಬರ್ಲಿಲ್ಲ" ಎನ್ನುತ್ತಿದ್ದರು, ನಾನು ತಲೆ ಎತ್ತಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮೂರನೇ ಆವೃತ್ತಿಯ ಕರಡು ಜೊತೆಗಿದೆ. ಜ್ವರ ತೆಗೆದಿದ್ದೇನೆ, ಕತ್ತಿ ವಾಪಸು ಬಂದಿದೆ. ಆದರೆ ಜೀನಿನ ಕೆಳಗಿನ ಬಾವುಟದ ಕಥೆ ಬೇರೆ. ತಮ್ಮ ಹಿಂದಿನ ದಿನ ಒಬ್ಬನೇ ಹೊಳೆ ದಾಟಿ, ಶತ್ರುವಿನ ಬಾವುಟ ಹಿಡಿದವನ ಕೊರಳು ಕುಯ್ದು, ಅದನ್ನು ಅಣ್ಣನಿಗೆ ಕಾಣಿಕೆ ಎಂದು ತರುತ್ತಿದ್ದ. ದಳವಾಯಿ ಕೇಳದೆ ಕಡಿದ. ಮರುದಿನ ನಿಜ ತಿಳಿದು, ಅದೇ ಸೇತುವೆಯಿಂದ ಹೊಳೆಗೆ ಹಾರಿದ.

ದಯವಿಟ್ಟು ಸಹಿ ಹಾಕಿ. ಯಾಕೆಂದು ಕೇಳಬೇಡಿ.

ಮಗಳು

ಏಪ್ರಿಲ್ 2

ಮಗಳೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿ ಕೆದಕಿದ ಹಾಗಿದ್ದರೆ ಸಹಿಸಿಕೋ.

ನಿನ್ನ ಕರಡನ್ನು ಮಧ್ಯಾಹ್ನದ ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದೆ. ಓದಬಾರದಿತ್ತು. ತೋಳನ ತುತ್ತು ಅರ್ಧಕ್ಕೆ ನಿಂತಿತು. "ಅಂದ್ರೆ ನಾಲ್ಕು ವರ್ಷದಿಂದ ನಾನು ಕೊಲೆಗಡುಕನ ಮೊಮ್ಮಗನಾಗಿ ಆಡ್ತಿದ್ದೀನಾ?" ಅಂದ.

ಮೇಷ್ಟ್ರು ನಕ್ಕರು. "ಮೊಮ್ಮಗ ಯಾಕಯ್ಯಾ, ನೀನೇ ಒರಿಜಿನಲ್ ಇದ್ದೀಯಲ್ಲ."

ತೋಳನ ತಟ್ಟೆಯ ಅಂಚು ನೇರ ಮೇಷ್ಟ್ರ ಬಾಯಿಗೆ ಬಿತ್ತು. ತುಟಿ ಎರಡು ಸೀಳಾಯಿತು, ಎರಡು ಹಲ್ಲು ಟಣ್ ಎಂದು ತಟ್ಟೆಗೇ ಬಿದ್ದವು. ಮೇಷ್ಟ್ರಿಗೆ ಅರವತ್ತು ದಾಟಿದೆ, ಗಾಳಿ ಬಂದರೆ ಹಾರಿಹೋಗುವ ಆಳು. ಆದರೆ ತೋಳನ ಕೊರಳಿಗೆ ನೇತುಬಿದ್ದು, ಉಳಿದ ಹಲ್ಲುಗಳಲ್ಲೇ ಅವನ ಕಿವಿ ಹರಿದು ಉಗಿದರು. ಒಂದು ಆಟದ ಇತಿಹಾಸಕ್ಕೆ, ನೋಡು! ನೀನು ಒಳ್ಳೆಯ ಬರಹಗಾರ್ತಿಯೇ ಇರಬೇಕು.

ಅವರನ್ನು ಬಿಡಿಸಿದವನು ನಾನು. ಅಲ್ಲಿಗೆ ಮುಗಿಯಬೇಕಿತ್ತು. ಮೇಷ್ಟ್ರು ರಕ್ತ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿ, "ಹೊಸದೇ ನಿಜ ಕಣ್ರೀ. ತಮ್ಮ ಏನೂ ಮಾಡಿರ್ಲಿಲ್ಲ. ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಅಂದರು.

ಆಮೇಲೆ ನನ್ನ ಕೈಯಲ್ಲಿ ಸ್ಟೂಲಿನ ಕಾಲು ಇತ್ತು. ಅದು ಹೇಗೆ ಬಂತೋ ಗೊತ್ತಿಲ್ಲ. ಮೇಷ್ಟ್ರ ಮೊಣಕೈ ಹಿಂದುಮುಂದಾಯಿತು. ನಿಲ್ಲಿಸಲು ವಾರ್ಡರುಗಳು ನಾಲ್ಕು ಜನ ಬೇಕಾಯಿತು. ನನ್ನದು ಒಂದು ಪಕ್ಕೆಲುಬು, ಬಲಗೈಯ ಎರಡು ಬೆರಳು ಮುರಿದವು. ಇಪ್ಪತ್ತು ದಿನ ಒಂಟಿ ಕೋಣೆ. ಮುಂದಿನ ವರ್ಷ ನನ್ನನ್ನು ಬಿಡುವ ಮಾತಿತ್ತು, ಅದಕ್ಕೂ ಕಲ್ಲು ಬಿತ್ತು.

ಮೇಷ್ಟ್ರು ಆಸ್ಪತ್ರೆಯಿಂದ ಹೇಳಿಕಳಿಸಿದ್ದಾರೆ, ಕೈ ಸರಿಹೋದ ಮೇಲೆ ಆಟ ಮುಂದುವರಿಸೋಣ ಎಂದು. ತೋಳ ಮಾತು ಬಿಟ್ಟಿದ್ದಾನೆ.

ಸಹಿ ಹಾಕುವುದಿಲ್ಲ. ಬೆರಳು ಮುರಿದಿದೆ ಎಂದು ನಿನ್ನ ಪ್ರಕಾಶಕರಿಗೆ ನೆಪ ಹೇಳು. ಅವನು ದ್ರೋಹಿ. ದ್ರೋಹಿಯಾಗಿಯೇ ಇರಲಿ.

ಅಪ್ಪ

ಏಪ್ರಿಲ್ 27

ಅಪ್ಪನಿಗೆ,

ಯಾಕೆಂದು ಕೇಳಬೇಡಿ ಎಂದಿದ್ದೆ. ಈಗ ನಾನಾಗಿಯೇ ಹೇಳುತ್ತಿದ್ದೇನೆ. ಇಳಿವಯಸ್ಸಿನವರು, ಒಳಗಿದ್ದೀರಿ, ತಿಳಿಯದೆಯೇ ಸಹಿ ಹಾಕಿಬಿಡಲಿ ಎಂದು ಕರುಣೆ ತೋರಿಸಲು ಹೋದೆ. ಮೇಷ್ಟ್ರ ಕೈ ಮುರಿದದ್ದು ಓದಿದ ಮೇಲೆ ನನ್ನಲ್ಲಿ ಆ ಕರುಣೆ ಉಳಿದಿಲ್ಲ.

ಜನವರಿಯಲ್ಲಿ ಚಿಕ್ಕಪ್ಪನ ಹಳೆಯ ನಕ್ಷೆಗಳನ್ನು ಹುಡುಕುತ್ತ ಅಟ್ಟ ಹತ್ತಿದ್ದೆ. ಒಂದು ಪೊಟ್ಟಣ ಸಿಕ್ಕಿತು, ಅಚ್ಚಿನ ಬ್ಲಾಕ್ ಮಾಡುವವರ ಅಂಗಡಿಯದು. ಚಿಕ್ಕಪ್ಪ ಸತ್ತ ಮರುದಿನ ಬಂದಿತ್ತಂತೆ. ಚಿಕ್ಕಮ್ಮ ಬಿಚ್ಚದೆ ಅಟ್ಟಕ್ಕೆ ಎಸೆದಿದ್ದರು. ಒಳಗೆ ಮರದ ತುಂಡಿಗೆ ಹೊಡೆದ ಸತುವಿನ ಬ್ಲಾಕ್, ಮೇಲೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ನಿಮ್ಮ ಹೆಸರು. ಜೊತೆಗೆ ಚಿಕ್ಕಪ್ಪ ತಮ್ಮ ಕೈಯಾರೆ ಬರೆದ ಚೀಟಿ: 'ಹೊದಿಕೆಯ ಎರಡನೇ ಬಣ್ಣಕ್ಕೆ. ಕೆಂಪು. ಅಣ್ಣ ಊರಿಂದ ಬರುವುದರೊಳಗೆ ಬೇಕು.'

ಕೋರ್ಟಿನವರು ವಾಪಸು ಕೊಟ್ಟ ಹೊದಿಕೆಗಳಲ್ಲಿ ಚೊಕ್ಕಟವಾದ ಎರಡು ಹಾಳೆಗಳು ಮನೆಯಲ್ಲಿದ್ದವು. ಬ್ಲಾಕಿಗೆ ಕೆಂಪು ಶಾಯಿ ಸವರಿ, ಒಂದರ ಮೇಲೆ ಕೈಯಲ್ಲೇ ಒತ್ತಿದೆ. ಅದನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಬಿಡಿಸಿ ನೋಡಿ. ಕೆಳಗೆ ಸಣ್ಣದಾಗಿ, ಕಪ್ಪಿನಲ್ಲಿ ಚಿಕ್ಕಪ್ಪನ ಹೆಸರು. ಮೇಲೆ, ಸೇತುವೆಯ ಚಿತ್ರದ ನೆತ್ತಿಯಲ್ಲಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ನಿಮ್ಮ ಹೆಸರು ಕೂದಲಷ್ಟೂ ಆಚೀಚೆ ಆಗದೆ ಕೂತಿದೆ.

ಎರಡು ಬಣ್ಣದ ಕೆಲಸದಲ್ಲಿ ಮೊದಲು ಕಪ್ಪು ಅಚ್ಚಾಗುತ್ತದೆ, ಅದು ಒಣಗಿದ ಮೇಲೆ ಅದೇ ಹಾಳೆಗೆ ಕೆಂಪು. ಇದು ನನಗೂ ಗೊತ್ತು. ಮೂವತ್ತು ವರ್ಷ ಮಷಿನ್ ಓಡಿಸಿದವರು ನೀವು. ಹೊದಿಕೆಯ ನೆತ್ತಿಯಲ್ಲಿ ನಾಲ್ಕು ಬೆರಳು ಜಾಗವನ್ನು ಯಾರಾದರೂ ಸುಮ್ಮನೆ ಖಾಲಿ ಬಿಡುತ್ತಾರೆಯೇ? ಅದು ನಿಮಗೆ ಹೇಗೆ ಕಾಣಲಿಲ್ಲ?

ಮಗಳು

ಜೂನ್ 29

ಅಪ್ಪನಿಗೆ,

ಎರಡು ತಿಂಗಳಾಯಿತು. ನನ್ನ ಪತ್ರ ನಿಮಗೆ ತಲುಪಿದೆಯೆಂದು ಜೈಲಿನ ಕಚೇರಿಯವರು ಫೋನಿನಲ್ಲಿ ಹೇಳಿದರು. ನೀವು ಆಟವನ್ನೂ ಬಿಟ್ಟಿದ್ದೀರಂತೆ, ಗೋಡೆ ಕಡೆ ತಿರುಗಿ ಮಲಗಿರುತ್ತೀರಂತೆ.

ಪುಸ್ತಕ ಆಗಸ್ಟಿನಲ್ಲಿ ಅಚ್ಚಿಗೆ ಹೋಗಬೇಕು. ನಿಮ್ಮ ಸಹಿ ಬರದಿದ್ದರೆ ಜ್ವರದ ಸಾಲನ್ನೇ ಉಳಿಸಿಕೊಳ್ಳುತ್ತಾರೆ. ಚಿಕ್ಕಪ್ಪ ಇನ್ನೊಂದು ಹತ್ತು ವರ್ಷ ಕಂಬಳಿ ಹೊದ್ದು ಸಾಯುತ್ತಲೇ ಇರುತ್ತಾರೆ. ಅವರು ದ್ರೋಹಿಯಲ್ಲ ಎಂದು ಒಂದೇ ಒಂದು ಪುಟದಲ್ಲಾದರೂ ಇರಬೇಕು. ಅಷ್ಟನ್ನು ನೀವು ಅವರಿಗೆ ಕೊಡಲೇಬೇಕು.

ಮಗಳು

ಜುಲೈ 14

ಮಗಳೇ,

ಕೆಂಪು ಸರಿಯಾಗಿ ಕೂತಿದೆ. ಎಡಗಡೆ ಒತ್ತು ಸ್ವಲ್ಪ ಕಡಿಮೆಯಾಗಿದೆ, ಕೈಯಲ್ಲಿ ಒತ್ತಿದರೆ ಅಷ್ಟು ಆಗಿಯೇ ಆಗುತ್ತದೆ. ನೋಡು, ಬರೆಯಬೇಕಾದ್ದನ್ನು ಬಿಟ್ಟು ಏನೋ ಬರೆಯುತ್ತಿದ್ದೇನೆ.

ಹೇಗೆ ಕಾಣಲಿಲ್ಲ ಎಂದು ಕೇಳಿದ್ದೀಯ. ಕಂಡಿತು.

ಶಟರ್ ಎತ್ತಿ ಒಳಗೆ ಬಂದಾಗ ಕಾಣಲಿಲ್ಲ, ಅದು ನಿಜ. ತಂತಿಯ ತುಂಬ ಅವನ ಹೆಸರೇ ನೇತಾಡುತ್ತಿತ್ತು, ಕಣ್ಣಿಗೆ ಬೇರೇನೂ ಬೀಳಲಿಲ್ಲ. ದೊಡ್ಡ ಸ್ಪ್ಯಾನರ್ ಮಷಿನ್ನಿನ ಮೇಲೇ ಇತ್ತು. ಅವನು ಬೆನ್ನು ಮಾಡಿ ಹಾಳೆ ಕೊಡುತ್ತಿದ್ದ. ಕಾಲ ಸಪ್ಪಳ ಕೇಳಿ ನಗುತ್ತ ತಿರುಗಿದ. ಮೊದಲ ಏಟು ಹೆಗಲಿಗೆ ಬಿತ್ತು. ಮೂಳೆ ಮುರಿದದ್ದು ನನ್ನ ಅಂಗೈಗೇ ತಿಳಿಯಿತು. ಅವನು ರಿಮ್ಮುಗಳ ಮೇಲೆ ಕುಸಿದು ಕೂತ. ಕೂಗಲಿಲ್ಲ. ಹೆಗಲು ಹಿಡಿದುಕೊಂಡು, "ಇನ್ನೊಂದು ಬಣ್ಣ ಬಾಕಿ ಇದೆ ಅಣ್ಣಾ. ನಿನ್ ಹೆಸ್ರು ಕೆಂಪಲ್ಲಿ ಬರುತ್ತೆ. ಬ್ಲಾಕ್ ನಾಳೆ ಬರುತ್ತೆ" ಅಂದ.

ನಾನು ತಲೆ ಎತ್ತಿ ಹಾಳೆ ನೋಡಿದೆ. ನೆತ್ತಿಯಲ್ಲಿ ನಾಲ್ಕು ಬೆರಳು ಜಾಗ. ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಎರಡು ಬಣ್ಣದ ಕೆಲಸ ಅವನಿಗೆ ಕಲಿಸಿದವನೇ ನಾನು.

ಅವನು ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ ಮಗಳೇ, ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಏಟು ನನಗೇ ಬಿದ್ದಿದೆಯೇನೋ ಎಂಬಂತೆ ಅಯ್ಯೋ ಪಾಪ ಎಂದು ನೋಡುತ್ತಿದ್ದ. ಇನ್ನು ಬದುಕಿರುವವರೆಗೂ ಇವನು ನನ್ನನ್ನು ಹೀಗೇ ನೋಡುತ್ತಾನೆ, ಊಟಕ್ಕೆ ಕೂತಾಗ, ಮಷಿನ್ನಿನ ಪಕ್ಕ ನಿಂತಾಗ, ನಿನ್ನ ಎದುರಿಗೆ, ಎಂದು ಅನ್ನಿಸಿತು. ತಡೆಯಲು ಆಗಲಿಲ್ಲ. ಎರಡನೆಯದು ಹಣೆಗೆ. ಆಗಲೂ ಕಣ್ಣು ತೆರೆದೇ ಇತ್ತು. ಮೂರನೆಯದಕ್ಕೆ ಮುಖವೇ ಉಳಿಯಲಿಲ್ಲ. ಗೊತ್ತಿದ್ದೇ ಹೊಡೆದೆ. ಅವನು ದ್ರೋಹಿ ಎಂದು ಹೊಡೆದದ್ದು ಒಂದು ಏಟು. ಅಲ್ಲ ಎಂದು ಗೊತ್ತಾಗಿ ಹೊಡೆದದ್ದು ಎರಡು.

ಕೋರ್ಟಿನಲ್ಲಿ ಸಿಟ್ಟಿನ ಭರ ಎಂದೆ, ನಂಬಿದರು. ಹನ್ನೊಂದು ವರ್ಷ ಬ್ಯಾರಕ್ಕಿನಲ್ಲಿ ಅದೇ ಸೇತುವೆಯ ಕಥೆ ಹೇಳಿ ಹೇಳಿ ನಾನೂ ನಂಬುವ ಹಂತಕ್ಕೆ ಬಂದಿದ್ದೆ. ಸಾಹೇಬರೇ, ನೀವೂ ಓದುತ್ತಿದ್ದೀರಿ. ಯಾರಿಗೆ ಬೇಕಾದರೂ ತೋರಿಸಿ.

ಸಹಿ ಹಾಕಿದ್ದೇನೆ. ಆದರೆ ನಿನ್ನ ಕರಡಿಗಲ್ಲ. ನಿನ್ನ ದಳವಾಯಿಗೆ ನಿಜ ತಿಳಿದದ್ದು ಮರುದಿನ. ಅದು ಸುಳ್ಳು. ಹೀಗೆ ಬರೆ: 'ಮೊದಲ ಏಟು ಹೆಗಲಿಗೆ ಬಿತ್ತು. ಬಾವುಟ ನಿನಗಾಗಿ ತಂದೆ ಎಂದು ತಮ್ಮ ಹೇಳಿದ. ದಳವಾಯಿ ಕೇಳಿಸಿಕೊಂಡ, ನಂಬಿದ. ಆಮೇಲೆ ಎರಡು ಸಲ ಕತ್ತಿ ಬೀಸಿದ.'

ಇನ್ನೊಂದು. ದಳವಾಯಿಯನ್ನು ಹೊಳೆಗೆ ಹಾರಿಸಬೇಡ. ಅದು ನೀನು ಅವನಿಗೆ ಮಾಡುವ ಉಪಕಾರ. ಅವನು ಯುದ್ಧ ಗೆಲ್ಲಲಿ, ಊರವರು ಹಾರ ಹಾಕಲಿ, ಮುದುಕನಾಗಲಿ. ದಿನಾ ಆ ಸೇತುವೆಯ ಮೇಲೇ ಓಡಾಡಲಿ. ನೀವು ಎಷ್ಟು ಆವೃತ್ತಿ ತಂದರೂ ಅವನನ್ನು ಸಾಯಿಸಬೇಡಿ.

ಅಪ್ಪ

ಆಗಸ್ಟ್ 3

ಅಪ್ಪನಿಗೆ,

ಸಹಿ ತಲುಪಿತು. ನಿಮ್ಮ ಸಾಲುಗಳನ್ನು ಒಂದಕ್ಷರವೂ ತಿದ್ದದೆ ಹಾಕಿದ್ದೇನೆ, ದಳವಾಯಿ ಬದುಕಿದ್ದಾನೆ. ಪ್ರಕಾಶಕರು ತಲೆ ಕೆರೆದುಕೊಂಡು, "ಇಂಥವನ ಹೆಸ್ರು ಹೇಳ್ಕೊಂಡು ಯಾರಮ್ಮ ಯುದ್ಧಕ್ಕೆ ಹೋಗ್ತಾರೆ?" ಎಂದರು. ಮನಸ್ಸಿಲ್ಲದವರು ಹೋಗದಿರಲಿ ಎಂದೆ.

ನಿಮ್ಮ ಪತ್ರವನ್ನು ಕಚೇರಿಯಲ್ಲೇ ಓದಿದೆ. ಆ ಪೊಟ್ಟಣ ಬಿಚ್ಚಿದಾಗಿನಿಂದ ನಿಮ್ಮನ್ನು ಸಿಟ್ಟಿಗೆ ಕಣ್ಣು ಕಳೆದುಕೊಂಡವರು ಎಂದುಕೊಂಡಿದ್ದೆ. ಕಣ್ಣಿಲ್ಲದವರನ್ನು ದ್ವೇಷಿಸುವುದು ಕಷ್ಟವಾಗಿತ್ತು. ಈಗ ಏನೂ ಕಷ್ಟವಿಲ್ಲ. ಆದರೂ ಹೇಳಿದ್ದಕ್ಕೆ, ನೀವಾಗಿಯೇ ಹೇಳಿದ್ದಕ್ಕೆ, ಏನೆನ್ನಬೇಕೋ ನನಗೆ ತಿಳಿಯುತ್ತಿಲ್ಲ.

ಪುಸ್ತಕ ಬಂದ ಮೇಲೆ ಯಾರೋ ಹೇಳಿ ತಿಳಿಯುವುದು ಬೇಡವೆಂದು ಚಿಕ್ಕಮ್ಮನಿಗೆ ನಿಮ್ಮ ಪತ್ರ ಕೊಟ್ಟೆ. ನಿಂತೇ ಓದಿದರು. ಒಲೆ ಆರಿಸಿ ಬಂದು, ಕೂತು, ಇನ್ನೊಮ್ಮೆ ಓದಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಮ್ಮ ವಿಷಯ ಎತ್ತಿದರು.

"ಮೊದಲ್ನೇದು ಹೆಗಲಿಗೆ ತಾನೇ ಬಿದ್ದಿದ್ದು? ಮಾತೂ ಆಡಿದ್ರಲ್ಲ. ಭಾವ ಅಲ್ಲಿಗೇ ನಿಲ್ಲಿಸಿದ್ರೆ ಇವ್ರು ಬದುಕ್ತಿದ್ರಾ?"

ನಾನು ಆ ನಾಡಿನ ಇತಿಹಾಸ ಬರೆಯುವವಳು. ಯಾವ ಸೇತುವೆಯ ಮೇಲೆ ಯಾರು ಎಷ್ಟು ಏಟಿಗೆ ಸತ್ತರೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಇದು ನಾನು ಕೊಡಬೇಕಾದ ಉತ್ತರವಲ್ಲ. ನಾನು ಎದ್ದು ಒಳಗೆ ಹೋದೆ.

ಉತ್ತರ ನಿಮ್ಮಿಂದಲೇ ಬರಬೇಕು. ನನಗಲ್ಲ, ಅವರ ಹೆಸರಿಗೆ ಬರೆಯಿರಿ. ಉದ್ದಕ್ಕೆ ಬೇಡ. ಹೌದು ಎಂಬ ಒಂದೇ ಮಾತಾದರೂ ಸರಿ, ಅದನ್ನು ನೀವೇ ಬರೆಯಿರಿ.

ಮಗಳು